ಅವರಿಗೂ ಏಸುಸ್ವಾಮಿ ಉಂಟಾ ಟೀಚರ್?

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಚಂದ್ರನ ಮೇಲೆ ಇಳಿದದ್ದನ್ನು ನಮ್ಮ ಶಾಲೆಯ ಮಕ್ಕಳು ಅವರವರ ಮನೆಯ ಟಿವಿಯಲ್ಲಿ ನೋಡಿದ್ದರು. ಓಣಂ ರಜೆ ಕಳೆದು ಶಾಲೆ ತೆರೆದಾಗಲೂ ಆ ಬಿಸಿ ಆರಿರಲಿಲ್ಲ. ಏಳನೇ ತರಗತಿಗೆ ಸಮಾಜ ಪಾಠಕ್ಕೆ ಹೋದರೆ ಪಾಠ ಯಾರಿಗೆ ಬೇಕು? ಅಲ್ಲಿ ನೀರುಂಟಾ, ಜನ ಉಂಟಾ, ಮಂಗಳದಲ್ಲಿ ಉಂಟಾ ಎಂದು ಒಂದೇ ಗಲಾಟೆ. ಆಗ ಎರಡನೇ ಬೆಂಚಿನ ಹುಡುಗಿಯೊಬ್ಬಳು, ನಮ್ಮ ಇಗರ್ಜಿಗೇ ಬರುವವಳು, ಎದ್ದು ನಿಂತು ಕೇಳಿದಳು: "ಬೇರೆ ಕಡೆ ಜನ ಇದ್ರೆ ಅವರಿಗೂ ಏಸುಸ್ವಾಮಿ ಉಂಟಾ ಟೀಚರ್? ಅಲ್ಲ, ನಮಗೆ ಮಾತ್ರವಾ?"

ಮದ್ರಸಕ್ಕೆ ಹೋಗುವ ಹುಡುಗ ತಡಮಾಡಲಿಲ್ಲ. ಅಲ್ಲಾಹು ಎಲ್ಲಾ ಲೋಕಗಳ ಒಡೆಯ, ಒಂದು ಲೋಕದ್ದಲ್ಲ ಅಂತ ಉಸ್ತಾದರು ಹೇಳಿಕೊಟ್ಟಿದ್ದಾರೆ ಎಂದ. ಇನ್ನೊಬ್ಬ, ನಮ್ಮಲ್ಲಿ ಹದಿನಾಲ್ಕು ಲೋಕ ಉಂಟು ಎಂದ. ಅವರಿಬ್ಬರ ಲೆಕ್ಕ ಸಲೀಸಾಗಿ ಮುಗಿಯಿತು. ನಮ್ಮ ಹುಡುಗಿ ಮಾತ್ರ ನಿಂತೇ ಇದ್ದಳು. ಸರಕಾರಿ ಶಾಲೆ, ನಾನು ಅಲ್ಲಿ ಧರ್ಮಬೋಧನೆ ಮಾಡುವ ಹಾಗಿಲ್ಲ. "ನಾಳೆ ಹೇಳ್ತೇನೆ" ಅಂದೆ. ಉತ್ತರ ಗೊತ್ತಿಲ್ಲದ ಟೀಚರುಗಳೆಲ್ಲ ಹೇಳುವ ಮಾತು ಅದು, ನಿಮಗೂ ಗೊತ್ತಲ್ಲ!

ಆ ರಾತ್ರಿ ನಿದ್ದೆ ಬರಲಿಲ್ಲ. ಕಾರಣ ಹೇಳುತ್ತೇನೆ.

ನಾನು ಹತ್ತನೇ ತರಗತಿಯಲ್ಲಿದ್ದಾಗ ತಮ್ಮ ಏಳನೆಯಲ್ಲಿದ್ದ. ಒಂದು ಶನಿವಾರ ರಾತ್ರಿ ಕರೆಂಟು ಹೋಗಿತ್ತು. ಮನೆಯ ಮೇಲಿನ ಪಾರೆಯಲ್ಲಿ ಮಲಗಿ ನಕ್ಷತ್ರ ನೋಡುತ್ತಿದ್ದಾಗ ನಾನೇ ಅವನಿಗೆ ಈ ಪ್ರಶ್ನೆ ಕೇಳಿದ್ದೆ. ಮರುದಿನ ದೊತೊರ್ನ್, ಅಂದರೆ ಧರ್ಮೋಪದೇಶದ ತರಗತಿಯಲ್ಲಿ ಅವನು ಅದನ್ನು ಹಾಗೆಯೇ ಕೇಳಿಬಿಟ್ಟ. ಕಲಿಸುವವರಿಗೆ ಸಿಟ್ಟು ಬಂತು. ಅರ್ಧ ಗಂಟೆ ಮೊಣಕಾಲೂರಿ ನಿಲ್ಲಿಸಿದರು. ಪ್ರಶ್ನೆ ನನ್ನದು ಎಂದು ಕೈ ಎತ್ತಬಹುದಿತ್ತು. ಎತ್ತಲಿಲ್ಲ. ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ.

ಮುಂದೆ ಅವನು ಮಂಗಳೂರಿಗೆ ಹೋಗಿ ವಿಜ್ಞಾನ ಓದಿದ, ಪೂಜೆಗೆ ಹೋಗುವುದನ್ನು ಬಿಟ್ಟ. ಇಷ್ಟು ಕೋಟಿ ನಕ್ಷತ್ರಗಳಿರುವಾಗ ದೇವರು ಈ ಒಂದು ಧೂಳಿನ ಕಣಕ್ಕೆ ಬಂದು ಬೆತ್ಲೆಹೇಮಿನಲ್ಲಿ ಹುಟ್ಟಿದನಂತೆ, ಹಳ್ಳಿಯವರು ಕಟ್ಟಿದ ಕಥೆ ಎಂದು ಮಾಂಯ್ ಎದುರೇ ಹೇಳಿದ. ಮಾಂಯ್ ಆ ದಿನ ಊಟ ಮಾಡಲಿಲ್ಲ. ಈಗ ಅವನು ಗಲ್ಫಿನಲ್ಲಿದ್ದಾನೆ. ವಾರಕ್ಕೊಮ್ಮೆ ಫೋನಿನಲ್ಲಿ ಮಾಂಯ್ "ಮಿಸಾಕ್ ಗೆಲೊಯ್?" ಎಂದು ಕೇಳುತ್ತಾಳೆ, ಪೂಜೆಗೆ ಹೋದೆಯಾ ಅಂತ. ಅವನು "ಹ್ಞೂಂ" ಅನ್ನುತ್ತಾನೆ. ಸುಳ್ಳು ಎಂದು ಇಬ್ಬರಿಗೂ ಗೊತ್ತು.

ಹಾಗಾಗಿ ಓದತೊಡಗಿದೆ. ನನ್ನದು ಬರೀ ಬಿ.ಎ., ದೇವಶಾಸ್ತ್ರ ಗೊತ್ತಿಲ್ಲ. ಆದರೂ ಒಂದು ವಿಷಯಕ್ಕೆ ಬೆರಗಾಯಿತು. ಮೊಣಕಾಲೂರಿಸಿದ ಆ ಪ್ರಶ್ನೆಯನ್ನು ನಮ್ಮ ಧರ್ಮಸಭೆ ಏಳುನೂರು ವರ್ಷಗಳಿಂದ ಕೇಳುತ್ತಲೇ ಬಂದಿದೆ. ದೇವರು ಒಂದಕ್ಕಿಂತ ಹೆಚ್ಚು ಲೋಕಗಳನ್ನು ಮಾಡಲಾರ ಎನ್ನುವ ವಾದವನ್ನು ಪ್ಯಾರಿಸ್ಸಿನ ಬಿಷಪ್ ಎತಿಯೆನ್ ಟಾಂಪಿಯೆ 1277ರಲ್ಲೇ ಖಂಡಿಸಿದ್ದರು. ಲೋಕಗಳು ಹಲವು ಇವೆ ಎಂದಲ್ಲ. ದೇವರಿಗೆ ಹಾಗೆ ಮಾಡಲಾಗದು ಎನ್ನಲು ನೀವು ಯಾರು ಎಂದು. 1440ರಲ್ಲಿ ಕೂಸಾದ ನಿಕೋಲಸ್ ಬೇರೆ ನಕ್ಷತ್ರಗಳಲ್ಲೂ ವಾಸಿಗಳಿರಬಹುದು ಎಂದು ಬರೆದರು. ಅವರನ್ನು ಯಾರೂ ಸುಡಲಿಲ್ಲ, ಕಾರ್ಡಿನಲ್ ಮಾಡಿದರು!

ಸುಟ್ಟದ್ದು ಜೊರ್ಡಾನೊ ಬ್ರೂನೋನನ್ನು, 1600ರಲ್ಲಿ, ರೋಮಿನಲ್ಲಿ. ತ್ರಿತ್ವದ ಬಗ್ಗೆ, ಕ್ರಿಸ್ತನ ಬಗ್ಗೆ ಅವನು ಹೇಳಿದ್ದೇ ಮುಖ್ಯ ಆರೋಪ ಎನ್ನುತ್ತಾರೆ. ಆದರೆ ಅಸಂಖ್ಯ ಲೋಕಗಳ ಮಾತೂ ಆ ಪಟ್ಟಿಯಲ್ಲಿತ್ತು. ಅದನ್ನು ಮುಚ್ಚಿಡುವುದು ನನಗೆ ಸರಿ ಕಾಣುವುದಿಲ್ಲ.

ತಮ್ಮನ ವಾದವೂ ಹಳೆಯದೇ. ಥಾಮಸ್ ಪೇನ್ ಎಂಬವರು 1794ರಲ್ಲೇ ಅದನ್ನು ಬರೆದಿದ್ದರು. ಇಷ್ಟೊಂದು ಲೋಕಗಳಿದ್ದರೆ ಕ್ರೈಸ್ತ ನಂಬಿಕೆ ನಿಲ್ಲುವುದಿಲ್ಲ ಅಂತ. ಈ ವಾದ ನನಗೆ ಒಪ್ಪಿಗೆಯಾಗಲಿಲ್ಲ. ಚಿಕ್ಕದಾದ ಮಾತ್ರಕ್ಕೆ ದೇವರು ಲೆಕ್ಕಕ್ಕೆ ತೆಗೆದುಕೊಳ್ಳಬಾರದೇ? ಹಾಗಾದರೆ ಕೇರಳದ ಈ ತುದಿಯಲ್ಲಿ ಮಕ್ಕಳ ತಲೆ ಎಣಿಸುತ್ತಾ ಉಸಿರು ಬಿಗಿಹಿಡಿದಿರುವ ನಮ್ಮ ಕನ್ನಡ ಡಿವಿಷನು ಯಾವ ಲೆಕ್ಕ? ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಒಂದನ್ನು ಹುಡುಕಿ ಹೋದ ಕುರುಬನ ಕಥೆ ಹೇಳಿದವನು ಏಸುವೇ ಅಲ್ಲವೇ. ವ್ಯಾಟಿಕನ್ ಖಗೋಳ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಫಾದರ್ ಹೊಸೆ ಗಾಬ್ರಿಯೆಲ್ ಫ್ಯುನೆಸ್ 2008ರಲ್ಲಿ ಇದೇ ಕಥೆಯನ್ನು ತೆಗೆದುಕೊಂಡು ಹೇಳಿದ್ದು ನನಗೆ ಬಹಳ ಹಿಡಿಸಿತು. ದಾರಿ ತಪ್ಪಿದ ಆ ಒಂದು ಕುರಿ ನಾವೇ ಆಗಿರಬಹುದು, ಉಳಿದವರು ತಪ್ಪೇ ಮಾಡದೆ ದೇವರ ಜೊತೆ ಸುಖವಾಗಿರಬಹುದು ಎನ್ನುವ ಅರ್ಥದಲ್ಲಿ. ಅನ್ಯಲೋಕದವನನ್ನು ಅಣ್ಣತಮ್ಮ ಎಂದು ಕರೆಯಬಾರದೇಕೆ ಎಂದೂ ಕೇಳಿದರು. 2014ರಲ್ಲಿ ಪೋಪ್ ಫ್ರಾನ್ಸಿಸ್, ಮಂಗಳ ಗ್ರಹದವನೊಬ್ಬ ಬಂದು ಜ್ಞಾನಸ್ನಾನ ಕೇಳಿದರೆ ಏನು ಮಾಡುತ್ತೀರಿ ಎಂದು ಪ್ರಸಂಗದಲ್ಲೇ ಕೇಳಿದ್ದುಂಟು. ಬಾಗಿಲು ಮುಚ್ಚಬೇಡಿ ಎನ್ನುವುದಕ್ಕೆ ಕೊಟ್ಟ ಉದಾಹರಣೆ ಅದು.

ಆದರೆ ಹುಡುಗಿಯ ಪ್ರಶ್ನೆ ಹಾಗೇ ಉಳಿಯಿತಲ್ಲ. ಏಸು ನಜರೇತಿನ ಬಡಗಿ, ಮನುಷ್ಯ. ನಮಗೆ ತೀರಾ ಹತ್ತಿರದ ಪ್ರಾಕ್ಸಿಮಾ ನಕ್ಷತ್ರದಿಂದ ಬೆಳಕು ಬರಲಿಕ್ಕೇ ನಾಲ್ಕು ವರ್ಷಕ್ಕಿಂತ ಹೆಚ್ಚು ಬೇಕು. ಅಲ್ಲಿಯವರಿಗೆ ಶುಭವಾರ್ತೆ ಮುಟ್ಟುವುದು ಹೇಗೆ? ಒಂದೇ ಶಿಲುಬೆ ಎಲ್ಲಾ ಲೋಕಗಳಿಗೂ ಸಾಕು ಎನ್ನುವವರಿದ್ದಾರೆ. ಸಂತ ಥಾಮಸ್ ಅಕ್ವಿನಾಸರು ಲೋಕ ಒಂದೇ ಎಂದು ನಂಬಿದವರು. ಆದರೂ ದೇವಪುತ್ರ ಒಂದಕ್ಕಿಂತ ಹೆಚ್ಚು ಸಲ ಮನುಷ್ಯನಾಗಲು ದೇವರ ಶಕ್ತಿಗೆ ಅಡ್ಡಿಯಿಲ್ಲ ಎಂದು ಬರೆದರು. ಸಿ.ಎಸ್. ಲೂಯಿಸ್ ಇನ್ನೂ ತಮಾಷೆಯವರು. ಗ್ರಹಗಳ ನಡುವೆ ಇಷ್ಟು ದೂರ ಇಟ್ಟದ್ದೇ ನಮ್ಮ ಪಾಪದ ರೋಗ ಅವರಿಗೆ ಅಂಟದಿರಲಿ ಎಂದಿರಬಹುದು ಅಂದರು.

ನನಗೆ ಹೆಚ್ಚು ನೆರವಾದದ್ದು ನಾನು ಕಲಿಸುವ ಚರಿತ್ರೆಯೇ. ಭೂಮಿಯ ಆಚೆ ಬದಿಯಲ್ಲಿ ಜನರಿದ್ದಾರೆ ಎಂಬುದನ್ನು ಸಂತ ಅಗಸ್ಟೀನರು ನಂಬಲಿಲ್ಲ. ಆದಾಮನ ಮಕ್ಕಳು ಅಷ್ಟು ದೊಡ್ಡ ಸಮುದ್ರ ದಾಟಿರಲಾರರು ಎಂಬ ತರ್ಕ. 1492ರ ಮೇಲೆ ನೋಡಿದರೆ ಅಮೆರಿಕದ ತುಂಬ ಜನ! ಅವರು ಮನುಷ್ಯರು ಹೌದೋ ಅಲ್ಲವೋ ಎಂಬ ಜಗಳವೇ ನಡೆದು, ಅವರೂ ನಿಜವಾದ ಮನುಷ್ಯರು, ಅವರ ಸ್ವಾತಂತ್ರ್ಯ ಕಸಿಯಬಾರದು ಎಂದು ಪೋಪ್ ಮೂರನೇ ಪೌಲರು 1537ರಲ್ಲಿ ಬರೆಯಬೇಕಾಯಿತು. ಬರೆದ ಮೇಲೂ ಕಸಿದರು ಎನ್ನುವುದು ಬೇರೆ ಮಾತು. ನಮ್ಮ ಈ ಕರಾವಳಿಯಲ್ಲೂ ಏಸುವಿನ ಹೆಸರು ಕೇಳದೆ ಬಾಳಿ ಸತ್ತ ನಮ್ಮ ಹಿರಿಯರೆಷ್ಟೋ. ದೇವರು ಅವರನ್ನು ಕೈಬಿಟ್ಟ ಎಂದು ನಾನು ನಂಬಿಲ್ಲ. ಅಷ್ಟು ದೂರದವರ ಬಗ್ಗೆ ಮಾತ್ರ ಹಾಗೇಕೆ ನಂಬಲಿ?

ಮರುದಿನ ಹುಡುಗಿಯನ್ನು ಸ್ಟಾಫ್ ರೂಮಿಗೆ ಕರೆದೆ. "ಗೊತ್ತಿಲ್ಲ ಮಗಾ. ಇದುವರೆಗೆ ಹೊರಗೆ ಒಂದು ಹುಳವೂ ಸಿಕ್ಕಿಲ್ಲ. ಆದರೆ ಕೇಳಿದ್ದು ತಪ್ಪಲ್ಲ, ಪಾದ್ರಿಗಳೂ ದೂರದರ್ಶಕ ಇಟ್ಟುಕೊಂಡು ಇದನ್ನೇ ಕೇಳ್ತಾ ಇದ್ದಾರೆ" ಅಂದೆ. ಮುಂದಿನ ವಿಷಯವೆಲ್ಲ ಒಂದೊಂದಾಗಿ, ಇಗರ್ಜಿಯಿಂದ ಒಟ್ಟಿಗೆ ಬರುವ ದಾರಿಯಲ್ಲಿ ಹೇಳಿದೆ.

ತಮ್ಮನಿಗೆ ಹೇಳಲು ಮಾತ್ರ ಎರಡು ವರ್ಷ ಬೇಕಾಯಿತು. 2025ರಲ್ಲಿ ವ್ಯಾಟಿಕನ್ ವೀಕ್ಷಣಾಲಯಕ್ಕೆ ಗೋವಾ ಪ್ರಾಂತ್ಯದ ಯೇಸುಸಭೆಯ ಫಾದರ್ ರಿಚರ್ಡ್ ಡಿಸೋಜರನ್ನು ನಿರ್ದೇಶಕರಾಗಿ ನೇಮಿಸಿದರು. ಆ ಸುದ್ದಿಯನ್ನು ವಾಟ್ಸಾಪಿನಲ್ಲಿ ಕಳಿಸಿ, ಕೆಳಗೆ "ಆ ದಿನ ನಾನು ಕೈ ಎತ್ತಬೇಕಿತ್ತು" ಎಂದು ಬರೆದೆ. ರಾತ್ರಿ ಅವನೇ ಫೋನ್ ಮಾಡಿದ. "ಮೊಣಕಾಲು ನೋವು ಎರಡು ದಿನದಲ್ಲಿ ಹೋಗಿತ್ತು ಅಕ್ಕಾ. ನೀನು ತಲೆ ಎತ್ತಿ ನೋಡಲೂ ಇಲ್ಲವಲ್ಲ, ಅದು ಹೋಗಲಿಲ್ಲ" ಎಂದ. ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನೇ "ಡಿಸೋಜರು ನಮ್ಮ ಹಾಗೆ ಕೊಂಕಣಿಯವರಾ?" ಎಂದು ಕೇಳಿದ.

ಆ ಕ್ರಿಸ್ಮಸ್ಸಿಗೆ ಊರಿಗೆ ಬಂದಿದ್ದ. ಪಾರೆಯ ಮೇಲೆ ಮಾಂಯ್‌ಗೆ ಗುರು ಗ್ರಹ ತೋರಿಸಿದ. ಅಲ್ಲಿ ಜನ ಉಂಟಾ ಎಂದು ಅವಳು ಕೇಳಿದಳು. ನೆಲವೇ ಇಲ್ಲ, ಬರೀ ಅನಿಲ ಎಂದ. "ಹಾಗಾದ್ರೆ ಇಗರ್ಜಿ ಎಲ್ಲಿ ಕಟ್ಟುದು" ಎಂದು ನಕ್ಕಳು. ರಾತ್ರಿ ಪೂಜೆಗೆ ನಮ್ಮ ಜೊತೆ ನಡೆದು ಬಂದ. ಒಳಗೆ ಬರಲಿಲ್ಲ, ಅಂಗಳದಲ್ಲಿ ನಿಂತವರ ಜೊತೆ ನಿಂತ. ಮಾಂಯ್ ಕಿಟಕಿಯ ಹತ್ತಿರದ ಬೆಂಚಿನಲ್ಲಿ ಕೂತಳು, ಅಲ್ಲಿಂದ ಅಂಗಳ ಕಾಣುತ್ತದೆ.