ಚಿತ್ರದಲ್ಲಿ ಕಾಣದ ಅಡುಗೆಮನೆ

ಪುಸ್ತಕ ಓದಿದವರು ಅದರ ಸಿನಿಮಾ ನೋಡಿ ಬಂದು, "ಏನೇ ಆಗಲಿ, ಪುಸ್ತಕದ ಹಾಗಿಲ್ಲ ಬಿಡಿ" ಎನ್ನುವುದು ಮೊದಲಿನಿಂದ ಬಂದ ವಾಡಿಕೆ. ನಾನೂ ಅಷ್ಟನ್ನೇ ಹೇಳುವುದಾಗಿದ್ದರೆ ನಿಮ್ಮ ಸಮಯ ಹಾಳು ಮಾಡುತ್ತಿರಲಿಲ್ಲ. ಹ್ಯಾರಿ ಪಾಟರ್ ಎಂಬ ಇಂಗ್ಲಿಷ್ ಮಾಯಾಲೋಕದ ಕಥೆಯ ಏಳೂ ಪುಸ್ತಕಗಳನ್ನು ಈ ಮಳೆಗಾಲದಲ್ಲಿ ಮತ್ತೊಮ್ಮೆ ಓದಿ ಮುಗಿಸಿದೆ. ಅದರ ಬೆನ್ನಿಗೇ ದಸರಾ ರಜೆಯಲ್ಲಿ ಮಗನ ಜೊತೆ ಕೂತು ಎಂಟೂ ಸಿನಿಮಾ ನೋಡಿದೆ. ಆಗ ಗೊತ್ತಾಯಿತು ನೋಡಿ, ಪುಸ್ತಕದಲ್ಲಿದ್ದ ಒಂದು ದೊಡ್ಡ ಅಡುಗೆಮನೆಯೇ ಸಿನಿಮಾದಲ್ಲಿ ನಾಪತ್ತೆ! ದಿನಕ್ಕೆ ಮೂರು ಹೊತ್ತು ಒಲೆಯ ಮುಂದೆ ನಿಲ್ಲುವ ನಿಮಗೆ ಇದನ್ನು ಹೇಳದೆ ಇನ್ಯಾರಿಗೆ ಹೇಳಲಿ?

ಮಕ್ಕಳ ಕಥೆ ಓದುವ ವಯಸ್ಸೇ ಇದು ಎಂದು ನಗುವವರು ನಗಲಿ. ಚಂದಮಾಮದ ಬೇತಾಳನಿಗಾಗಿ ಕಾದು ಕೂತು ಬೆಳೆದವರು ನಾವು. ಕಥೆ ಗೊತ್ತಿಲ್ಲದವರಿಗೆ ನಾಲ್ಕು ಮಾತು ಹೇಳಿಬಿಡುತ್ತೇನೆ. ಹ್ಯಾರಿ ತಂದೆತಾಯಿಯಿಲ್ಲದೆ, ದೊಡ್ಡಮ್ಮನ ಮನೆಯಲ್ಲಿ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಲಗಿ ಬೆಳೆದ ಹುಡುಗ. ಹನ್ನೊಂದು ತುಂಬಿದ ದಿನ ತಾನು ಮಂತ್ರವಿದ್ಯೆ ಬಲ್ಲವರ ಕುಲದವನೆಂದು ತಿಳಿದು, ಹಾಗ್ವರ್ಟ್ಸ್ ಎಂಬ ವಸತಿ ಶಾಲೆಗೆ ಸೇರುತ್ತಾನೆ. ಅಲ್ಲಿ ಅವನಿಗೆ ರಾನ್, ಹರ್ಮಯೋನಿ ಎಂಬ ಇಬ್ಬರು ಗೆಳೆಯರು. ಹೆತ್ತವರನ್ನು ಕೊಂದ ವೋಲ್ಡೆಮಾರ್ಟ್ ಎಂಬ ದುಷ್ಟ ಮಾಂತ್ರಿಕನ ಜೊತೆ ಏಳು ವರ್ಷದ ಹೋರಾಟ. ಬರೆದವರು ಜೆ.ಕೆ. ರೌಲಿಂಗ್ ಎಂಬ ಹೆಂಗಸು. ಮೊದಲ ಪುಸ್ತಕ 1997ರಲ್ಲಿ, ಏಳನೆಯದು 2007ರಲ್ಲಿ ಬಂತು. ಸಿನಿಮಾಗಳು 2001ರಿಂದ 2011ರವರೆಗೆ. ಕೊನೆಯ ಪುಸ್ತಕವನ್ನು ಎರಡು ಭಾಗ ಮಾಡಿದ್ದರಿಂದ ಎಂಟಾದವು.

ನಾನು ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವಳು. ಮಗಳು ಆರನೆಯ ತರಗತಿಯಲ್ಲಿದ್ದಾಗ ಶಾಲೆಯ ಲೈಬ್ರರಿಯಿಂದ ಈ ಪುಸ್ತಕಗಳನ್ನು ತರುತ್ತಿದ್ದಳು. ನಾನು ಸಂಜೆ ಚಪಾತಿ ಲಟ್ಟಿಸುವಾಗ ಅವಳು ಅಕ್ಕಿ ಡಬ್ಬದ ಮೇಲೆ ಕೂತು, ಒಂದೊಂದು ಪುಟ ಓದಿ ಕನ್ನಡದಲ್ಲಿ ಹೇಳುತ್ತಿದ್ದಳು. ಹೀಗೆ ನನ್ನ ಮೊದಲ ಓದು ಕಿವಿಯಿಂದಲೇ ಆದದ್ದು. ನಾಲ್ಕನೆಯ ಪುಸ್ತಕದ ನಡುವೆ ಒಂದು ದಿನ ಆ ಹುಡುಗಿ ತಲೆಯೆತ್ತಿ ಕೇಳಿದಳು: "ಅಮ್ಮಾ, ನೀನು ಡಾಬಿನಾ, ವಿಂಕಿನಾ?"

ಇವರಿಬ್ಬರೂ ಯಾರು ಅಂತ ಹೇಳಬೇಕಲ್ಲ. ಹಾಗ್ವರ್ಟ್ಸ್ ಶಾಲೆಯ ಊಟದ ಮನೆಯಲ್ಲಿ ನಾಲ್ಕು ಉದ್ದನೆಯ ಮೇಜುಗಳು. ಮಕ್ಕಳು ಕೂತರೆ ಸಾಕು, ಖಾಲಿ ತಟ್ಟೆಗಳು ತಾವಾಗಿಯೇ ತುಂಬಿಕೊಳ್ಳುತ್ತವೆ. ಮೊದಲ ಮೂರು ಪುಸ್ತಕಗಳಲ್ಲಿ ಎಲ್ಲರೂ ಅದನ್ನು ಮಂತ್ರವೆಂದೇ ತಿಳಿದಿರುತ್ತಾರೆ. ನಾಲ್ಕನೆಯದರಲ್ಲಿ ಗುಟ್ಟು ಹೊರಬೀಳುತ್ತದೆ. ಊಟದ ಮನೆಯ ನೇರ ಕೆಳಗೆ ಅಷ್ಟೇ ದೊಡ್ಡ ಅಡುಗೆಮನೆಯಿದೆ. ಗೋಡೆಯುದ್ದಕ್ಕೂ ಹಿತ್ತಾಳೆ ಪಾತ್ರೆಗಳು, ಇಟ್ಟಿಗೆಯ ದೊಡ್ಡ ಒಲೆ, ಮೇಲಿನ ಮೇಜುಗಳ ಕೆಳಗೇ ಸರಿಯಾಗಿ ಇಲ್ಲೂ ನಾಲ್ಕು ಮೇಜು. ನೂರಕ್ಕೂ ಕಡಿಮೆಯಿಲ್ಲದ ಕುಳ್ಳ ಎಲ್ಫ್‌ಗಳು ಅಡುಗೆ ಮಾಡಿ ಆ ಮೇಜಿನ ಮೇಲಿಟ್ಟರೆ, ಅದು ಚಾವಣಿ ದಾಟಿ ಮೇಲಕ್ಕೆ ಹೋಗುತ್ತದೆ. ಒಳಗೆ ಹೋಗುವ ಬಾಗಿಲು ಹಣ್ಣಿನ ಬುಟ್ಟಿಯ ಚಿತ್ರಪಟದ ಹಿಂದಿದೆ. ಚಿತ್ರದಲ್ಲಿರುವ ಪೇರ್ ಹಣ್ಣಿಗೆ ಕಚಗುಳಿಯಿಟ್ಟರೆ ಅದು ಕಿಸಕ್ಕನೆ ನಕ್ಕು ಬಾಗಿಲ ಹಿಡಿಯಾಗುತ್ತದೆ!

ಈ ಎಲ್ಫ್‌ಗಳು ಮನೆಮನೆಯ ಜೀತದಾಳುಗಳು. ಸಂಬಳವಿಲ್ಲ, ರಜೆಯಿಲ್ಲ. ಯಜಮಾನ ಒಂದು ಬಟ್ಟೆ ಕೊಟ್ಟರೆ ಮಾತ್ರ ಬಿಡುಗಡೆ. ಡಾಬಿಗೆ ಬಿಡುಗಡೆಯೆಂದರೆ ಹಬ್ಬ. ಹಾಗ್ವರ್ಟ್ಸ್ ಅಡುಗೆಮನೆಗೆ ಬಂದು ಸಂಬಳ ಕೇಳುತ್ತಾನೆ. ಮುಖ್ಯೋಪಾಧ್ಯಾಯರು ವಾರಕ್ಕೆ 10 ಚಿನ್ನದ ನಾಣ್ಯ, ಜೊತೆಗೆ ವಾರದ ಕೊನೆಗೆ ರಜೆ ಎಂದರೆ, ಅಷ್ಟೊಂದು ಬೇಡವೆಂದು ತಾನೇ ಚೌಕಾಸಿ ಮಾಡಿ ವಾರಕ್ಕೆ 1 ನಾಣ್ಯ, ತಿಂಗಳಿಗೆ 1 ದಿನ ರಜೆಗೆ ಇಳಿಸಿಕೊಳ್ಳುತ್ತಾನೆ. ವಿಂಕಿಯದು ಬೇರೆ ಕಥೆ. ಅವಳ ಅಮ್ಮ, ಅಜ್ಜಿ ಎಲ್ಲರೂ ದುಡಿದ ಮನೆಯಿಂದ ಅವಳನ್ನು ಬಟ್ಟೆ ಕೊಟ್ಟು ಹೊರಗೆ ಹಾಕಿದ್ದಾರೆ. ಅವಳಿಗೆ ಅದು ಬಿಡುಗಡೆಯಲ್ಲ, ಅವಮಾನ. ಒಲೆಯ ಮುಂದೆ ಕೂತು ಕುಡಿದು ಅಳುತ್ತಾಳೆ.

ಸಿನಿಮಾದಲ್ಲಿ ವಿಂಕಿ ಎಂಬವಳೇ ಇಲ್ಲ. ಅಡುಗೆಮನೆ ಇಲ್ಲ. ನಾಲ್ಕನೆಯ ಪುಸ್ತಕದಲ್ಲಿ ಹ್ಯಾರಿ ನೀರೊಳಗೆ ಉಸಿರಾಡುವ ಸೊಪ್ಪನ್ನು ತಂದುಕೊಡುವವನು ಡಾಬಿ. 2005ರ ಸಿನಿಮಾದಲ್ಲಿ ಅದನ್ನು ಸಹಪಾಠಿ ನೆವಿಲ್ ಕೈಯಲ್ಲಿ ಕೊಡಿಸಿದ್ದಾರೆ. ಎಲ್ಫ್‌ಗಳ ಪರವಾಗಿ ಹರ್ಮಯೋನಿ ಸಂಘ ಕಟ್ಟಿ, ಬಿಲ್ಲೆ ಮಾರಿ ಎಲ್ಲರಿಂದ ನಗೆಪಾಟಲಿಗೆ ಗುರಿಯಾಗುವ ಭಾಗವಂತೂ ಪೂರ್ತಿ ಕತ್ತರಿ. ಆರುನೂರು ದಾಟಿದ ಪುಟಗಳನ್ನು 157 ನಿಮಿಷಕ್ಕೆ ಇಳಿಸಬೇಕಾದರೆ ಏನಾದರೂ ಬಿಡಲೇಬೇಕು, ಒಪ್ಪುತ್ತೇನೆ. ಆದರೆ ಬಿಡುವಾಗ ಮೊದಲು ಕಣ್ಣಿಗೆ ಬಿದ್ದದ್ದು ಅಡುಗೆಮನೆಯೇ ಯಾಕೆ ಅಂತೀನಿ! ಡ್ರ್ಯಾಗನ್ನಿಗೆ ಸಿಕ್ಕಷ್ಟು ಹೊತ್ತಿನಲ್ಲಿ ಅರ್ಧ ಸಿಕ್ಕಿದ್ದರೂ ಸಾಕಿತ್ತು.

ಸಿನಿಮಾ ಮಾತ್ರ ನೋಡಿ ಬೆಳೆದ ನನ್ನ ಮಗನಿಗೆ ಇವತ್ತಿಗೂ ಆ ತಟ್ಟೆಗಳು ಮಂತ್ರದಿಂದಲೇ ತುಂಬುವುದು. ಅವನು ನನಗೆ ಅಂಥ ಪ್ರಶ್ನೆ ಕೇಳಿದವನಲ್ಲ.

ಮಗಳ ಪ್ರಶ್ನೆಗೆ ಆ ದಿನ, "ಚಪಾತಿ ಆರುತ್ತೆ, ಮೊದಲು ತಿನ್ನು" ಅಂದಿದ್ದೆ. ಆದರೆ ಅದು ಮನಸ್ಸಿನಲ್ಲಿ ಕೂತೇಬಿಟ್ಟಿತು. ಆಗ ನಮ್ಮ ಅತ್ತೆಗೆ ಸೊಂಟದ ಮೂಳೆ ಮುರಿದು, ಇನ್ನು ಅಡುಗೆಮನೆ ಕಡೆ ಹೋಗಕೂಡದೆಂದು ಡಾಕ್ಟರು ಹೇಳಿದ್ದ ಕಾಲ. ಐವತ್ತು ವರ್ಷ ಒಲೆ ಊದಿದ ಜೀವಕ್ಕೆ ಇನ್ನಾದರೂ ವಿಶ್ರಾಂತಿ ಎಂದು ನಾವೆಲ್ಲ ಸಮಾಧಾನಪಟ್ಟುಕೊಂಡಿದ್ದೆವು. ಅವರು ಮಾತ್ರ ಹೊಸಲಿನ ಪಕ್ಕ ಕುರ್ಚಿ ಹಾಕಿಸಿಕೊಂಡು, ಸೊಪ್ಪು ಬಿಡಿಸುವ ನೆಪದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ವಿಂಕಿ ಎಂದರೆ ಏನೆಂದು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಸಾರಿನ ಪುಡಿ ಹುರಿಯುವ ದಿನ ಅವರ ಕೈಗೇ ಸೌಟು ಕೊಡತೊಡಗಿದೆ. ಕುರ್ಚಿಯಲ್ಲಿ ಕೂತೇ, ಎದುರಿಗೆ ಇಟ್ಟ ಚಿಕ್ಕ ಸ್ಟೌ ಮೇಲೆ ಹುರಿದರು. ಹೋಗುವ ತನಕ ನಮ್ಮ ಮನೆಯ ಸಾರಿನ ಪುಡಿ ಅವರದೇ.

ನಾನು ಡಾಬಿಯ ದಾರಿ ಹಿಡಿದೆ. ಮನೆಖರ್ಚಿನ ಹಣ ಬಿಟ್ಟು, ಲೆಕ್ಕ ಕೇಳದ 200 ರೂಪಾಯಿ ತಿಂಗಳಿಗೆ ನನ್ನದೆಂದು ಕೊಡಿ, ವಾರಕ್ಕೊಂದು ದಿನ ರಜೆಯೂ ಬೇಕು ಎಂದು ನಮ್ಮ ಮನೆಯವರನ್ನು ಕೇಳಿದೆ. ಅವರು ನಗುತ್ತಾ, "ಭಾನುವಾರ ಇಡೀ ದಿನ ತಗೋ ಮಾರಾಯ್ತಿ" ಎಂದರು. "ಇಡೀ ದಿನ ಬೇಡಿ, ಬೆಳಗಿನ ದೋಸೆ ನಾನೇ ಹುಯ್ತೀನಿ, ರಾತ್ರಿ ಅಡುಗೆಯೊಂದು ಬಿಡ್ತೀನಿ" ಎಂದೆ ನಾನು! ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಹಣದಲ್ಲಿ ಮೊದಲು ಕೊಂಡದ್ದು ಇಂಗ್ಲಿಷ್-ಕನ್ನಡ ನಿಘಂಟು. ಆಮೇಲೆ ಒಂದೊಂದಾಗಿ ಹಳೇ ಪುಸ್ತಕದಂಗಡಿಯ ಹ್ಯಾರಿ ಪಾಟರ್‌ಗಳು. ಮಗಳು 2021ರಲ್ಲಿ ಬೆಂಗಳೂರಿನ ಹಾಸ್ಟೆಲಿಗೆ ಹೋದ ಮೇಲೆ, ಓದಿ ಹೇಳುವವರಿಲ್ಲದೆ, ನಿಘಂಟು ಪಕ್ಕಕ್ಕಿಟ್ಟುಕೊಂಡು ನಾನೇ ಓದಲು ಕೂತೆ. ಮೊದಲ ಪುಸ್ತಕಕ್ಕೆ ಐದು ತಿಂಗಳು ಹಿಡಿಯಿತು. ಈ ಸಲ ಎರಡು ವಾರ.

ಹೀಗೆ ಕಣ್ಣಾರೆ ಓದುವಾಗಲೇ ಸಣ್ಣ ಸಣ್ಣ ಸಂಗತಿಗಳು ಕಂಡದ್ದು. ಏಳನೆಯ ಪುಸ್ತಕದಲ್ಲಿ ಒಂದು ನಿಯಮ ಬರುತ್ತದೆ: ಎಂಥ ಮಾಂತ್ರಿಕನಾದರೂ ಶೂನ್ಯದಿಂದ ಊಟ ಸೃಷ್ಟಿಸಲಾರ. ಎಲ್ಲಿದೆ ಎಂದು ಗೊತ್ತಿದ್ದರೆ ತರಿಸಬಹುದು, ಸ್ವಲ್ಪ ಇದ್ದರೆ ಹೆಚ್ಚಿಸಬಹುದು, ಅಷ್ಟೆ. ನನಗೆ ತಟ್ಟನೆ ಅಕ್ಷಯಪಾತ್ರೆ ನೆನಪಾಯಿತು. ದೂರ್ವಾಸರು ಶಿಷ್ಯರ ದಂಡು ಕಟ್ಟಿಕೊಂಡು ಬಂದಾಗ ಕೃಷ್ಣನಿಗೂ ಪಾತ್ರೆಯ ಅಂಚಿಗೆ ಅಂಟಿದ ಒಂದಿಷ್ಟು ಬೇಕಾಯಿತಲ್ಲ! (ಆದರೆ ನಾಲ್ಕನೆಯ ಪುಸ್ತಕದಲ್ಲಿ ರಾನನ ತಾಯಿಯ ಮಂತ್ರದಂಡದ ತುದಿಯಿಂದ ಬಿಳಿ ಸಾಸು ಸುರಿಯುತ್ತದೆ. ಇದು ಹೇಗೆ ಎಂದು ಮಗಳಿಗೆ ಫೋನಿನಲ್ಲಿ ಕೇಳಿದರೆ, "ಬೇರೆ ಕಡೆ ಮಾಡಿಟ್ಟದ್ದನ್ನ ತರಿಸಿರ್ತಾಳಮ್ಮ" ಎನ್ನುತ್ತಾಳೆ. ಲೇಖಕಿ ಮರೆತಿದ್ದಾರೆ ಎಂದೇ ನನ್ನ ಅನುಮಾನ.)

ಈ ನಿಯಮ ಬರುವುದೂ ಒಂದು ಜಗಳದಲ್ಲಿ. ಮೂವರೂ ತಲೆಮರೆಸಿಕೊಂಡು ಕಾಡಿನಲ್ಲಿ ಡೇರೆ ಹಾಕಿಕೊಂಡಿದ್ದಾರೆ. ಊಟ ಸರಿಯಿಲ್ಲವೆಂದು ರಾನ್ ಗೊಣಗುತ್ತಾನೆ, ನಮ್ಮಮ್ಮ ಆದರೆ ಹಾಗೆ ಮಾಡುತ್ತಿದ್ದಳು ಎನ್ನುತ್ತಾನೆ. ಹರ್ಮಯೋನಿ ಸಿಡಿಯುತ್ತಾಳೆ. ಹುಡುಗಿ ಅಂತ ತಾನೇ ಅಡುಗೆ ನನ್ನ ತಲೆಗೆ ಬಂದಿರೋದು ಎಂಬರ್ಥದಲ್ಲಿ ಕೇಳಿಯೇಬಿಡುತ್ತಾಳೆ. ಮಾತಿಗೆ ಮಾತು ಬೆಳೆದು ರಾನ್ ಡೇರೆ ಬಿಟ್ಟು ಹೋಗುವ ಮಟ್ಟಕ್ಕೆ ಬರುವುದು ಅದೇ ಸಂಜೆ. 2010ರ ಸಿನಿಮಾದಲ್ಲಿ ರಾನ್ ಹೋಗುವುದೇನೋ ಇದೆ, ಊಟದ ಜಗಳವಿಲ್ಲ. ಬದಲಿಗೆ ರೇಡಿಯೋ ಹಾಡಿಗೆ ಹ್ಯಾರಿ, ಹರ್ಮಯೋನಿ ಕುಣಿಯುವ ದೃಶ್ಯ ಸೇರಿಸಿದ್ದಾರೆ. ಚೆನ್ನಾಗಿಯೇ ಇದೆ. ಆದರೂ ಆ ರಾತ್ರಿ ಏನು ತಿಂದರು ಪಾಪ ಎಂದೇ ನನ್ನ ಯೋಚನೆ.

ರಾನನ ತಾಯಿ ಮಾಲಿ ವೀಸ್ಲಿಗೆ ಏಳು ಮಕ್ಕಳು. ಸಿನಿಮಾದಲ್ಲಿ ಜೂಲಿ ವಾಲ್ಟರ್ಸ್ ಆ ಪಾತ್ರ ಮಾಡಿದ್ದಾರೆ. ಸೊಗಸಾಗಿ ಮಾಡಿದ್ದಾರೆ, ಎರಡು ಮಾತಿಲ್ಲ. ಕೊನೆಯ ಯುದ್ಧದಲ್ಲಿ ಮಗಳ ಮೇಲೆ ಬಿದ್ದವಳನ್ನು ಈ ತಾಯಿ ಮುಗಿಸುವುದನ್ನು ತೋರಿಸಿದ್ದಾರೆ, ಸರಿ. ಆದರೆ ಐದನೆಯ ಪುಸ್ತಕದ ಒಂದು ರಾತ್ರಿಯನ್ನು ಬಿಟ್ಟಿದ್ದಾರೆ. ನೋಡುವವರ ಮನಸ್ಸಿನ ಅತಿ ದೊಡ್ಡ ಭಯದ ರೂಪ ತಾಳುವ ಭೂತವೊಂದು ಹಳೇ ಮೇಜಿನೊಳಗೆ ಸೇರಿಕೊಂಡಿರುತ್ತದೆ. ಅದನ್ನು ಓಡಿಸಿ ಬರುತ್ತೇನೆಂದು ಮಾಲಿ ಒಬ್ಬಳೇ ಮೇಲೆ ಹೋಗುತ್ತಾಳೆ. ಭೂತ ಅವಳ ಮಕ್ಕಳ ಹೆಣವಾಗುತ್ತದೆ, ಒಬ್ಬರಾದ ಮೇಲೊಬ್ಬರು. ಗಂಡನಾಗುತ್ತದೆ, ಕೊನೆಗೆ ಹೆರದ ಮಗ ಹ್ಯಾರಿಯೂ ಆಗುತ್ತದೆ. ಮಂತ್ರ ಹೇಳಲಾಗದೆ ಗೋಡೆಗೆ ಆತು ಬಿಕ್ಕುತ್ತಾಳೆ. ಅಷ್ಟು ಹೊತ್ತು ಕೆಳಗೆ ಎಲ್ಲರಿಗೂ ಬಡಿಸಿ ಉಪಚರಿಸಿದ್ದವಳು ಇವಳೇ. 766 ಪುಟದ ಆ ಪುಸ್ತಕ 138 ನಿಮಿಷದ ಸಿನಿಮಾ ಆಯಿತು. ಮಾಲಿಯ ಅಳುವಿಗೆ ಎರಡು ನಿಮಿಷ ಸಿಗಲಿಲ್ಲ. ಮಗಳನ್ನು ರಾತ್ರಿ ಬಸ್ಸಿಗೆ ಹತ್ತಿಸಿ ಬಂದ ದಿನ ನಾನು ಆ ಅಧ್ಯಾಯ ತೆಗೆಯುವುದಿಲ್ಲ.

ಸಿನಿಮಾದವರನ್ನು ಬರೀ ಬೈದರೆ ನ್ಯಾಯವಲ್ಲ. ಒಂದು ಕಡೆ ಅವರು ಪುಸ್ತಕವನ್ನೇ ಮೀರಿಸಿದ್ದಾರೆ. ತನ್ನ ಹೆತ್ತವರ ಪ್ರಾಣ ಉಳಿಯಲೆಂದು ಹರ್ಮಯೋನಿ ಅವರಿಗೆ ತನ್ನ ನೆನಪೇ ಇಲ್ಲದ ಹಾಗೆ ಮಂತ್ರ ಹಾಕುತ್ತಾಳೆ. ಪುಸ್ತಕದಲ್ಲಿ ಅದನ್ನು ಅವಳು ಗೆಳೆಯರಿಗೆ ಮಾತಿನಲ್ಲಿ ಹೇಳಿ ಮುಗಿಸುತ್ತಾಳೆ. ಸಿನಿಮಾದಲ್ಲಿ ಅಪ್ಪ ಅಮ್ಮ ಬೆನ್ನು ತಿರುಗಿಸಿ ಕೂತಿದ್ದಾರೆ. ಹಿಂದೆ ನಿಂತ ಹುಡುಗಿ ಮಂತ್ರದಂಡ ಎತ್ತುತ್ತಾಳೆ. ಮನೆಯ ಫೋಟೋಗಳಿಂದ ಅವಳ ರೂಪ ಒಂದೊಂದಾಗಿ ಅಳಿಸಿಹೋಗುತ್ತದೆ. ನಾನು ಮಗನಿಗೆ ಕಾಣದ ಹಾಗೆ ಸೆರಗು ಕಣ್ಣಿಗೊತ್ತಿಕೊಂಡೆ.

ಇನ್ನು ಕ್ರೀಚರ್ ಎಂಬ ಮುದಿ ಎಲ್ಫ್. ಯಾರೂ ಪ್ರೀತಿಯಿಂದ ಮಾತಾಡಿಸದೆ ಕೊಳಕಾಗಿ, ಕಹಿಯಾಗಿ ಇದ್ದವನು. ಏಳನೆಯ ಪುಸ್ತಕದಲ್ಲಿ ಹ್ಯಾರಿ ಅವನ ಕಥೆ ಕೂತು ಕೇಳುತ್ತಾನೆ, ಅವನ ಸತ್ತ ಯಜಮಾನನ ನೆನಪಿಗೆ ಒಂದು ಪದಕ ಕೊಡುತ್ತಾನೆ. ಆಮೇಲೆ ಅಡುಗೆಮನೆಯ ತಾಮ್ರದ ಪಾತ್ರೆಗಳು ಥಳಥಳ! ಈರುಳ್ಳಿ ಸೂಪು ಘಮಘಮ! ಒಂದು ದಿನ ರಾತ್ರಿಗೆ ವಿಶೇಷ ಅಡುಗೆ ಮಾಡಿ ಕಾಯುತ್ತಿರುತ್ತಾನೆ. ಶತ್ರುಗಳು ಬೆನ್ನಟ್ಟಿದ್ದರಿಂದ ಇವರು ಆ ಮನೆಗೆ ಮರಳಲಾಗುವುದೇ ಇಲ್ಲ. ಬಡಿಸಿಟ್ಟುಕೊಂಡು ಬಾಗಿಲು ನೋಡುತ್ತಾ ಕೂರುವುದು ಏನೆಂದು ನಿಮಗೆ ಹೇಳಿಕೊಡಬೇಕೆ? ಈ ಭಾಗವೂ ಸಿನಿಮಾದಲ್ಲಿಲ್ಲ. ಕೊನೆಯ ಯುದ್ಧಕ್ಕೆ ಅದೇ ಕ್ರೀಚರ್ ಹಾಗ್ವರ್ಟ್ಸ್ ಅಡುಗೆಮನೆಯ ಎಲ್ಫ್‌ಗಳನ್ನೆಲ್ಲ ಕರೆದುಕೊಂಡು, ಕೈಯಲ್ಲಿ ಅಡುಗೆಯ ಚೂರಿ ಕತ್ತಿ ಹಿಡಿಸಿ ಬರುವುದೂ ಇಲ್ಲ.

ನನಗೆ ಎಲ್ಲಕ್ಕಿಂತ ಅನ್ಯಾಯವೆನಿಸಿದ್ದು ಒಂದು ಮುತ್ತಿನ ವಿಚಾರ. (ಸಂಕೋಚಪಡಬೇಡಿ, ಕಥೆಗೆ ಬೇಕಾದದ್ದೇ.) 2011ರ ಸಿನಿಮಾದಲ್ಲಿ ರಾನ್ ಮತ್ತು ಹರ್ಮಯೋನಿ ನೆಲಮಾಳಿಗೆಯಲ್ಲಿ ಶತ್ರುವಿನ ಬಟ್ಟಲೊಂದನ್ನು ನಾಶ ಮಾಡುತ್ತಾರೆ, ನೀರು ಭೋರೆಂದು ನುಗ್ಗುತ್ತದೆ, ಇಬ್ಬರೂ ತೋಯ್ದು ಮುತ್ತಿಡುತ್ತಾರೆ. ಪುಸ್ತಕದಲ್ಲಿ ಹಾಗಲ್ಲ. ಯುದ್ಧ ಶುರುವಾಗುವ ಗಡಿಬಿಡಿಯಲ್ಲಿ ರಾನ್ ತಟ್ಟನೆ, ಕೆಳಗೆ ಅಡುಗೆಮನೆಯಲ್ಲಿರುವವರನ್ನು ಮರೆತೆವಲ್ಲ, ಅವರನ್ನು ಹೊರಗೆ ಕಳಿಸಬೇಕು, ನಮಗಾಗಿ ಸಾಯಿ ಎಂದು ಅವರಿಗೆ ಹೇಳುವ ಹಾಗಿಲ್ಲ ಎನ್ನುತ್ತಾನೆ. ಎಲ್ಫ್‌ಗಳ ಸಂಘವನ್ನು ಮೂರು ವರ್ಷ ಗೇಲಿ ಮಾಡಿದ್ದ ಹುಡುಗ! ಹರ್ಮಯೋನಿ ಕೈಯಲ್ಲಿದ್ದುದನ್ನೆಲ್ಲ ಕೆಳಗೆ ಬಿಟ್ಟು ಓಡಿಬಂದು ಅವನಿಗೆ ಮುತ್ತಿಡುತ್ತಾಳೆ.

ಸಿನಿಮಾ ನಿಲ್ಲಿಸಿ ಇದನ್ನು ಮಗನಿಗೆ ಹೇಳಿದೆ. "ಅಡುಗೆಮನೆಯವರಿಗೋಸ್ಕರನಾ?" ಎಂದು ಕೇಳಿದ. ನಂಬಿಕೆ ಬರಲಿಲ್ಲ. ಈ ಪುಸ್ತಕಗಳನ್ನು ಮತ್ತೆ ಧಾರಾವಾಹಿ ಮಾಡುತ್ತೇವೆ, ಪುಸ್ತಕ ಇದ್ದಂತೆಯೇ ತೋರಿಸುತ್ತೇವೆ ಎಂದು 2023ರ ಏಪ್ರಿಲ್‌ನಲ್ಲಿ ಪ್ರಕಟಿಸಿದ್ದಾರೆ, ಅದರಲ್ಲಿ ನೋಡ್ತೀನಿ ಬಿಡು ಎಂದ. ಅದರಲ್ಲಿ ವಿಂಕಿ ಇರುತ್ತಾಳೋ ಇಲ್ಲವೋ ಯಾರಿಗೆ ಗೊತ್ತು, ನೀನೇ ಓದು ಎಂದು ನಾಲ್ಕನೆಯ ಪುಸ್ತಕ ಕೈಗಿಟ್ಟೆ. ದಿನಕ್ಕೆ ಹತ್ತು ಪುಟದಂತೆ ಓದುತ್ತಿದ್ದಾನೆ. ನಿನ್ನೆಗೆ ಆಟದ ಪಂದ್ಯದ ತನಕ ಬಂದಿದ್ದಾನೆ. ಅಡುಗೆಮನೆಗೆ ಇನ್ನೂ ಇನ್ನೂರು ಪುಟವಿದೆ.