ಕಲ್ಲಿದ್ದಲ ಕೊಟ್ಟಿಗೆಯಲ್ಲಿ ಒಂದು ಕಮ್ಮಟ

ಡೆಟ್ರಾಯಿಟ್ ನಗರದ ನಡುಮಧ್ಯದಲ್ಲಿ, ಬ್ಯಾಗ್ಲಿ ಬೀದಿಯಲ್ಲಿ, ಮೋಟಾರುಗಳು ತಂಗುವ ಒಂದು ವಿಚಿತ್ರ ಸ್ಥಳವಿದೆ. ತಲೆಯೆತ್ತಿದರೆ ಅರಮನೆಗೆ ಒಪ್ಪುವಂಥ ಚಾವಣಿ. ಗಾರೆಯ ಕುಸುರಿ ಅಲ್ಲಲ್ಲಿ ಕಳಚಿ ಬಿದ್ದಿದೆ. ತಲೆ ತಗ್ಗಿಸಿದರೆ ಸಾಲಾಗಿ ನಿಂತ ಕಾರುಗಳು. 1926ರಲ್ಲಿ ತೆರೆದ ಮಿಷಿಗನ್ ಚಿತ್ರಮಂದಿರವಿದು. ಒಂದು ಕಾಲಕ್ಕೆ ಇಲ್ಲಿ ನಾಲ್ಕು ಸಾವಿರ ಜನ ಕುಳಿತು ಆಟ ನೋಡುತ್ತಿದ್ದರು. ಜನ ಬರುವುದು ನಿಂತ ಮೇಲೆ ಕೆಡವೋಣವೆಂದರೆ, ಅದಕ್ಕೆ ಅಂಟಿಕೊಂಡ ಕಚೇರಿಯ ಕಟ್ಟಡಕ್ಕೆ ಅಪಾಯ. ಆದುದರಿಂದ 1977ರಲ್ಲಿ ಒಳಗಿನದನ್ನೆಲ್ಲ ತೆಗೆದುಹಾಕಿ ಮೂರು ಅಂತಸ್ತಿನ ಕಾರು ನಿಲ್ದಾಣವನ್ನು ಮಾಡಿದರು.

ನನ್ನನ್ನು ಆ ಬೀದಿಗೆ ಸೆಳೆದುದು ಚಿತ್ರಮಂದಿರವಲ್ಲ, ಅದಕ್ಕಿಂತ ಹಿಂದೆ ಆ ನೆಲದಲ್ಲಿದ್ದ ಒಂದು ಕೊಟ್ಟಿಗೆ. 58ನೆಯ ನಂಬರಿನ ಬಾಡಿಗೆ ಮನೆಯ ಹಿತ್ತಲಲ್ಲಿ, ಸೌದೆ ಕಲ್ಲಿದ್ದಲುಗಳನ್ನು ತುಂಬುವುದಕ್ಕೆಂದು ಕಟ್ಟಿದ ಇಟ್ಟಿಗೆಯ ಕೊಟ್ಟಿಗೆ ಅದು. ಹೆನ್ರಿ ಫೋರ್ಡನು ತನ್ನ ಮೊತ್ತಮೊದಲ ಮೋಟಾರು ಬಂಡಿಯನ್ನು ಮಾಡಿದ್ದು ಅದರಲ್ಲಿಯೇ. ಮನೆಯ ಹಿಂದೆ ಒಂದು ಲೇತು, ಒಂದು ವೈಸು, ಒಂದಿಷ್ಟು ಅರ-ಉಳಿಗಳನ್ನಿಟ್ಟುಕೊಂಡು ರಾತ್ರಿಯ ಹೊತ್ತು ಏನಾದರೊಂದನ್ನು ಮಾಡಬೇಕೆಂಬ ಹಂಬಲವಿರುವ ಗೃಹಸ್ಥರು ನಮ್ಮ ಬಡಾವಣೆಗಳಲ್ಲಿಯೂ ಬೇಕಾದಷ್ಟು ಮಂದಿ ಇದ್ದಾರೆ. ಅವರ ಮನೆಯವರು ಅದನ್ನು ಸಹಿಸಿಕೊಂಡಿದ್ದಾರೆ. ಈ ಎರಡು ಬಗೆಯ ಜನರಿಗೂ ಆ ಕೊಟ್ಟಿಗೆಯ ವೃತ್ತಾಂತ ರುಚಿಸಬಹುದು.

ಫೋರ್ಡನು ಆಗ ಡೆಟ್ರಾಯಿಟಿನ ಎಡಿಸನ್ ವಿದ್ಯುತ್ ಕಂಪನಿಯಲ್ಲಿ ನೌಕರ. 1893ರ ನವೆಂಬರಿನಲ್ಲಿ ಮಗ ಎಡ್ಸೆಲ್ ಹುಟ್ಟಿದ. ಡಿಸೆಂಬರಿನಲ್ಲಿ ಸಂಸಾರ ಬ್ಯಾಗ್ಲಿ ಬೀದಿಗೆ ಬಂದಿತು. ಆ ತಿಂಗಳ 24ರ ರಾತ್ರಿ, ಮಾರನೆಯ ದಿನದ ಕ್ರಿಸ್‌ಮಸ್ ಅಡುಗೆಗೆ ಪತ್ನಿ ಕ್ಲಾರಾ ಸಿದ್ಧತೆ ನಡೆಸಿದ್ದಾಗ, ಗಂಡ ಒಂದು ಪುಟ್ಟ ಎಂಜಿನ್ನನ್ನು ತಂದು ಅಡುಗೆಮನೆಯ ತೊಟ್ಟಿಯ ಅಂಚಿಗೆ ಬಿಗಿದ. ಕಿಡಿಗೆ ಬೇಕಾದ ವಿದ್ಯುತ್ತನ್ನು ಅಲ್ಲಿಯ ದೀಪದ ತಂತಿಯಿಂದಲೇ ಎಳೆದುಕೊಂಡ. ಆಕೆ ಕೈಯಲ್ಲಿ ಗ್ಯಾಸೊಲೀನ್ ಹಿಡಿದು ತೊಟ್ಟು ತೊಟ್ಟಾಗಿ ಬಿಡಬೇಕು, ಆತ ಚಕ್ರವನ್ನು ತಿರುಗಿಸಬೇಕು. ಎಂಜಿನ್ನು ಬೆಂಕಿಯುಗುಳಿ ತೊಟ್ಟಿಯನ್ನೆಲ್ಲ ನಡುಗಿಸುತ್ತ ಓಡಿತು. ಏಳು ವಾರದ ಕೂಸು ಪಕ್ಕದ ಕೋಣೆಯಲ್ಲಿ ಮಲಗಿತ್ತು. ನಮ್ಮ ಮನೆಯ ಹೆಂಗಸರು ಇಂಥ ಹೊತ್ತಿನಲ್ಲಿ ಏನೆನ್ನುತ್ತಿದ್ದರೋ ಊಹಿಸಿಕೊಳ್ಳಿ! ಇದಾದ ಮೇಲೆ ಪ್ರಯೋಗಗಳೆಲ್ಲ ಹಿತ್ತಲಿಗೆ ಸಾಗಿದುದರಲ್ಲಿ ಆಶ್ಚರ್ಯವೇನಿದೆ?

ಕೊಟ್ಟಿಗೆಯಾದರೂ ಪೂರ್ತಿ ಅವನದಲ್ಲ. ಅರ್ಧಭಾಗ ಜೋಡಿಮನೆಯ ನೆರೆಯವ ಫೀಲಿಕ್ಸ್ ಜೂಲಿಯನ್ನನ ಪಾಲು. ಆ ಪುಣ್ಯಾತ್ಮ ತನ್ನ ಕಲ್ಲಿದ್ದಲನ್ನು ಬೇರೆಡೆಗೆ ಸಾಗಿಸಿ ತನ್ನ ಪಾಲನ್ನೂ ಬಿಟ್ಟುಕೊಟ್ಟ. ಸಾಲದೆಂದು, ಸಂಜೆಯ ವೇಳೆ ಬಂದು ಕುಳಿತು ನೋಡುತ್ತಲೂ ಇದ್ದ. ಇಂಥ ನೆರೆಯವರು ದೊರೆಯುವುದು ಒಳ್ಳೆಯ ಲೇತು ದೊರೆಯುವುದಕ್ಕಿಂತ ಕಷ್ಟ.

ಬ್ಯಾಗ್ಲಿ ಬೀದಿಯಲ್ಲಿ ಈಗ ಆ ಕೊಟ್ಟಿಗೆಯಿಲ್ಲ. ಅದರ ರೂಪವನ್ನು ಕಾಣಬೇಕಾದರೆ ಹತ್ತು ಮೈಲಿಯಷ್ಟು ಪಶ್ಚಿಮಕ್ಕೆ, ಡಿಯರ್‌ಬಾರ್ನ್ ಎಂಬ ಊರಿಗೆ ಹೋಗಬೇಕು. ಸಿರಿವಂತನಾದ ಮೇಲೆ ಫೋರ್ಡನು ಅಲ್ಲಿ ಗ್ರೀನ್‌ಫೀಲ್ಡ್ ವಿಲೇಜ್ ಎಂಬ ಹಳೆಯ ಕಟ್ಟಡಗಳ ಊರೊಂದನ್ನು ನಿರ್ಮಿಸಿದ. ನೂರಾರು ಮೈಲಿ ದೂರದ ಮನೆಗಳನ್ನು ಬಿಚ್ಚಿ ತಂದು ಇಲ್ಲಿ ಜೋಡಿಸಿದ್ದಾನೆ. ತನ್ನ ಕೊಟ್ಟಿಗೆಯ ಪ್ರತಿರೂಪವನ್ನು 1933ರಲ್ಲಿ ಕಟ್ಟಿಸಿದ. ಹೊರಗಿನಿಂದ ನೋಡಿದರೆ ಏನೂ ಇಲ್ಲ. ಇಟ್ಟಿಗೆಯ ಗೋಡೆ, ಕೆಲಸದ ಮೇಜು, ಕೈಯುಪಕರಣಗಳು. ಜಗತ್ತಿನ ರಸ್ತೆಗಳನ್ನು ಬದಲಿಸಿದ ಜಾಗ ಇಷ್ಟೇ ಏನು ಎಂದು ನಿರಾಶೆಯಿಂದ ಮುಂದೆ ಸರಿಯುವವರೇ ಹೆಚ್ಚು.

ಆದರೆ ಸ್ವಲ್ಪ ನಿಂತು ಯೋಚಿಸಿದರೆ ಬೇರೊಂದು ಪ್ರಶ್ನೆ ಏಳುತ್ತದೆ: ಇಷ್ಟರಿಂದ ಬಂಡಿಯನ್ನು ಮಾಡುವುದು ಸಾಧ್ಯವೆ? ಬರಿಯ ಇಷ್ಟರಿಂದಲೇ ಸಾಧ್ಯವಾಗಲಿಲ್ಲ. ಹಳೆಯ ಉಗಿಯಂತ್ರವೊಂದರ ಹೊಗೆಕೊಳವೆಯನ್ನು ಕತ್ತರಿಸಿ ಎರಡು ಸಿಲಿಂಡರುಗಳಾದವು; ಒಳಗಿನ ವ್ಯಾಸ ಎರಡೂವರೆ ಅಂಗುಲ, ಕೊಂತದ ಓಟ ಆರು ಅಂಗುಲ. ನುಣುಪಾಗಿ ಕಡೆದು ಕೂಡಿಸಬೇಕಾದ ಭಾಗಗಳಿಗೆ ಕಂಪನಿಯ ಯಂತ್ರಶಾಲೆಯಿತ್ತು. ಜಿಮ್ ಬಿಷಪ್ ಮೊದಲಾದ ಗೆಳೆಯರು ಕೆಲಸಕ್ಕೆ ಕೈಗೂಡಿಸಿದರು. 1896ರ ಮಾರ್ಚಿನಲ್ಲಿಯೇ ತನ್ನದೊಂದು ಬಂಡಿಯನ್ನು ಡೆಟ್ರಾಯಿಟಿನ ಬೀದಿಯಲ್ಲಿ ಓಡಿಸಿದ ಚಾರ್ಲ್ಸ್ ಕಿಂಗನು ಸಲಹೆಯೊಡನೆ ಸಾಮಗ್ರಿಯನ್ನೂ ಕೊಟ್ಟ. ಕೊಟ್ಟಿಗೆಯಲ್ಲಿ ಒಬ್ಬಂಟಿಯಾಗಿ ತಪಸ್ಸು ಮಾಡಿ ವರ ಪಡೆದನೆಂಬ ಕಥೆ ಕೇಳಲು ಚೆನ್ನ. ಅದನ್ನು ನಂಬಿ ಇದ್ದ ದುಡ್ಡನ್ನೆಲ್ಲ ಒಂದು ಯಂತ್ರಕ್ಕೆ ಸುರಿದು, ಕೇಳುವುದಕ್ಕೆ ಬಲ್ಲವರಿಲ್ಲದೆ ಕುಳಿತವರನ್ನು ನಾನು ಕಂಡಿದ್ದೇನೆ.

ಬಾಗಿಲಿನ ಕಥೆಯಂತೂ ಪ್ರಸಿದ್ಧ. 1896ರ ಜೂನ್ 4ರ ನಸುಕಿನಲ್ಲಿ, ತುಂತುರು ಮಳೆ ಬೀಳುತ್ತಿರಲು, ಬಂಡಿ ಸಿದ್ಧವಾಯಿತು. 28 ಅಂಗುಲದ ನಾಲ್ಕು ಸೈಕಲ್ ಚಕ್ರಗಳು, ಸುಮಾರು 500 ಪೌಂಡು ತೂಕ, ನಾಲ್ಕು ಕುದುರೆಯ ಶಕ್ತಿ. ಎರಡು ವೇಗಗಳುಂಟು, ಹಿಂದಕ್ಕೆ ಚಲಿಸುವ ಏರ್ಪಾಡಿಲ್ಲ. ಹೊರಕ್ಕೆ ತಳ್ಳಿದರೆ ಕೊಟ್ಟಿಗೆಯ ಬಾಗಿಲಿಗಿಂತ ಬಂಡಿಯೇ ಅಗಲ! ಫೋರ್ಡನು ಕೊಡಲಿ ತೆಗೆದು, ತನ್ನದಲ್ಲದ ಗೋಡೆಯ ಇಟ್ಟಿಗೆಗಳನ್ನು ಉರುಳಿಸಿದ. ಬಿಷಪ್ಪನು ಸೈಕಲ್ಲಿನ ಮೇಲೆ ಮುಂದೆ ಹೋಗಿ ಕುದುರೆಗಾಡಿಯವರನ್ನು ಎಚ್ಚರಿಸಿದ. ಬಂಡಿ ನಡುದಾರಿಯಲ್ಲೊಮ್ಮೆ ನಿಂತಿತು, ರಿಪೇರಿಯಾಯಿತು, ಮನೆಗೆ ಮರಳಿತು. ಬಾಡಿಗೆಗೆ ಕೊಟ್ಟ ಯಜಮಾನ ಸಿಡಿಮಿಡಿಗೊಂಡು ಬಂದವನು ಬಂಡಿಯನ್ನು ಕಂಡು ತಣ್ಣಗಾಗಿ, ಅಲ್ಲಿಯೇ ದೊಡ್ಡ ಬಾಗಿಲಿಡಲು ಒಪ್ಪಿದನೆಂದು ಹೇಳುತ್ತಾರೆ. ಎಲ್ಲ ಮನೆಯೊಡೆಯರಿಂದಲೂ ಇದನ್ನು ನಿರೀಕ್ಷಿಸುವಂತಿಲ್ಲ; ಕಮ್ಮಟ ಹೂಡುವವರು ಮೊದಲು ಬಾಗಿಲನ್ನು ಅಳೆಯುವುದೇ ಮೇಲು.

ಚೊಕ್ಕವಾಗಿ ಸಜ್ಜುಗೊಂಡ ಕಮ್ಮಟವನ್ನು ನೋಡಬೇಕೆಂದರೆ ಇದೇ ಆವರಣದಲ್ಲಿ ಒಂದಷ್ಟು ದೂರ ನಡೆದು ರೈಟ್ ಸೋದರರ ಸೈಕಲ್ ಅಂಗಡಿಗೆ ಹೋಗಬೇಕು. ಇದು ಪ್ರತಿರೂಪವಲ್ಲ, ಓಹಾಯೊ ಸಂಸ್ಥಾನದ ಡೇಟನ್ ನಗರದಿಂದ 1937ರಲ್ಲಿ ಬಿಚ್ಚಿ ತಂದ ನಿಜವಾದ ಕಟ್ಟಡ. ಅವರ ಮನೆಯನ್ನೂ ಜೊತೆಗೇ ತಂದು ಪಕ್ಕದಲ್ಲಿ ನಿಲ್ಲಿಸಿದ್ದಾರೆ. ಮುಂದೆ ವ್ಯಾಪಾರ, ಹಿಂದಿನ ಕೋಣೆಯಲ್ಲಿ ಯಂತ್ರಗಳು. ನಮ್ಮ ಹಳೆಯ ಅಕ್ಕಿ ಗಿರಣಿಗಳಲ್ಲಿದ್ದಂತೆ ಮೇಲೆ ಉದ್ದವಾದ ಒಂದು ಉಕ್ಕಿನ ದಂಡ, ಅದರಿಂದ ಇಳಿದ ಬೆಲ್ಟುಗಳು. ಒಂದೇ ಗ್ಯಾಸ್ ಎಂಜಿನ್ನು ಆ ದಂಡವನ್ನು ತಿರುಗಿಸಿದರೆ ಲೇತೂ ರಂಧ್ರ ಕೊರೆಯುವ ಯಂತ್ರವೂ ನಡೆಯುತ್ತಿದ್ದವು. ಆ ಎಂಜಿನ್ನೂ ಅಲ್ಲಿಯೇ ತಯಾರಾದದ್ದು.

ಅಲ್ಲಿಯ ಮೆಕ್ಯಾನಿಕ್ ಚಾರ್ಲಿ ಟೇಲರನು ಬಂದುದು ಸೈಕಲ್ ರಿಪೇರಿಗೆಂದು. ವಿಮಾನಕ್ಕೆ ಹಗುರವಾದ ಎಂಜಿನ್ನು ಎಲ್ಲಿಯೂ ಸಿಗದಿದ್ದಾಗ, ಲೇತು, ಕೊರೆಯುವ ಯಂತ್ರ, ಕೈಯುಪಕರಣಗಳು, ಇಷ್ಟರಿಂದ ಆರು ವಾರಗಳಲ್ಲಿ ಅದನ್ನು ಮಾಡಿ ನಿಲ್ಲಿಸಿದ. ಅದರ ಕ್ರ್ಯಾಂಕ್ ದಂಡದ ಕೆಲಸವನ್ನು ಕೇಳಬೇಕು. 31 ಅಂಗುಲ ಉದ್ದ, 6 ಅಂಗುಲ ಅಗಲ, ಒಂದೂವರೆ ಅಂಗುಲಕ್ಕೂ ಮಿಕ್ಕಿದ ದಪ್ಪವುಳ್ಳ ಉಕ್ಕಿನ ಹಲಗೆ. ಅದರ ಮೇಲೆ ದಂಡದ ಆಕಾರವನ್ನು ಗೀರಿ, ಗೀರಿನುದ್ದಕ್ಕೂ ಒತ್ತೊತ್ತಾಗಿ ರಂಧ್ರಗಳನ್ನು ಕೊರೆದು, ಹೆಚ್ಚಿನ ಭಾಗವನ್ನು ಸುತ್ತಿಗೆ ಉಳಿಗಳಿಂದ ಹೊಡೆದು ಬೀಳಿಸಿ, ಉಳಿದುದನ್ನು ಲೇತಿಗೇರಿಸಿ ಕಡೆದ. ಸುಮಾರು ನೂರು ಪೌಂಡಿನ ಹಲಗೆಯಿಂದ ಕೊನೆಗೆ ಉಳಿದುದು 19 ಪೌಂಡಿನ ದಂಡ. ಇಷ್ಟೆಲ್ಲ ಬಲ್ಲವನೂ ಅಲ್ಯೂಮಿನಿಯಂ ಎರಕಕ್ಕೆ ಊರಿನ ಎರಕದ ಮನೆಯನ್ನೇ ಆಶ್ರಯಿಸಿದ. 1903ರ ಫೆಬ್ರವರಿಯ ಪರೀಕ್ಷೆಯಲ್ಲಿ ಆ ಎರಕ ಒಡೆಯಿತು, ಮತ್ತೊಮ್ಮೆ ಹೊಯ್ಯಿಸಿದರು. ಡಿಸೆಂಬರ್ 17ರಂದು ವಿಮಾನವನ್ನು ನೆಲದಿಂದೆತ್ತಿದುದು ಆ ಎಂಜಿನ್ನೇ.

ಆವರಣದ ಪಕ್ಕದ ವಸ್ತುಸಂಗ್ರಹಾಲಯದಲ್ಲಿ ಫೋರ್ಡನ ಬಂಡಿಯಿದೆ. ಎರಡನೆಯ ಬಂಡಿಯ ಖರ್ಚಿಗೆಂದು ಅವನು ಅದನ್ನು 200 ಡಾಲರಿಗೆ ಮಾರಿ, ಕೆಲವು ವರ್ಷಗಳ ತರುವಾಯ 65 ಡಾಲರು ತೆತ್ತು ಹಿಂದಕ್ಕೆ ಕೊಂಡ. ಅಡುಗೆಮನೆಯ ಎಂಜಿನ್ನೂ ಇಲ್ಲಿಯೇ ಉಳಿದಿದೆ. ಅಂಗೈಯಗಲದ ಮರದ ಹಲಗೆ, ಸಿಲಿಂಡರಾಗಿ ಒಂದು ತುಂಡು ಗ್ಯಾಸ್ ಕೊಳವೆ. ಅದನ್ನು ತಿರುಗಿಸುವ ಭಾರದ ಚಕ್ರ ಮಾತ್ರ ಹಳೆಯದೊಂದು ಲೇತಿನಿಂದ ಬಿಚ್ಚಿಕೊಂಡದ್ದು.