ಕುಲಾವಿಗೆ ಮುಂಚೆ ಪಂಚೆ

ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಹೊಲಿಸಿದವರನ್ನು ನಮ್ಮ ಗಾದೆ ಸುಮ್ಮನೆ ಬಿಡುವುದಿಲ್ಲ. ಆದರೆ ಏಳು ತಿಂಗಳು ತುಂಬುತ್ತಿದ್ದಂತೆ ಆಸ್ಪತ್ರೆಯವರು ಹೇಳುವುದೇ ಬೇರೆ: “ಬ್ಯಾಗು ರೆಡಿ ಇಟ್ಕೊಳ್ಳಿ. ಟೋಪಿ, ಸಾಕ್ಸು, ಮೆತ್ತನೆ ಕಾಟನ್ ಬಟ್ಟೆ ಇರಲಿ. ನೋವು ಬಂದ ಮೇಲೆ ಹುಡುಕ್ತಾ ಕೂರಬೇಡಿ.” ಗಾದೆಯನ್ನೂ ಮೀರದೆ, ಸಿಸ್ಟರ್ ಬಾಯಿಗೂ ಸಿಗದೆ ಪಾರಾಗುವ ದಾರಿಯೊಂದನ್ನು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಅಜ್ಜಿಯರು ಎಂದೋ ಕಂಡುಕೊಂಡಿದ್ದಾರೆ. ಅದು ತಾತನ ಹಳೇ ಪಂಚೆ.

ಅಂಗಡಿಯಿಂದ ತಂದ ಪುಟ್ಟ ಅಂಗಿ ಬೀರುವಿನಲ್ಲಿ ಕೂತಿದ್ದರೆ ಅದು ನೋಡಿದವರಿಗೆಲ್ಲ ಆಸೆಯನ್ನು ಸಾರುತ್ತದೆ. ಸಾರಿದ ಆಸೆಗೆ ದೃಷ್ಟಿ ತಾಗುತ್ತದೆ ಎಂಬುದು ಹಿರಿಯರ ಭಯ. ಪಂಚೆಗೆ ಆ ರಗಳೆಯಿಲ್ಲ. ಅಜ್ಜಿ ಅದನ್ನು ಹರಿದು, ಮಡಿಸಿ, ಚೀಲಕ್ಕೆ ಹಾಕುವಾಗ ಯಾರಾದರೂ ಕೇಳಿದರೆ, “ಏನೂ ಇಲ್ಲ, ಒರೆಸೋಕೆ ಬಟ್ಟೆ ಇರ್ಲಿ ಅಂತ” ಎನ್ನುತ್ತಾಳೆ. ಸಿದ್ಧತೆ ಮುಗಿದಿರುತ್ತದೆ, ಸಿದ್ಧತೆ ಮಾಡಿದ ಆರೋಪವಿರುವುದಿಲ್ಲ. ಅಕಸ್ಮಾತ್ ಬರಿಗೈಯಲ್ಲಿ ಮನೆಗೆ ಬರಬೇಕಾಗಿ ಬಂದರೂ, ಬಾಣಂತಿಯ ಕಣ್ಣಿಗೆ ಬೀಳದಂತೆ ಅವಿತಿಡಬೇಕಾದದ್ದು ಮನೆಯಲ್ಲಿ ಏನೂ ಇರುವುದಿಲ್ಲ. ಹಳೇ ಬಟ್ಟೆ ಹಳೇ ಬಟ್ಟೆಯಾಗಿಯೇ ಉಳಿಯುತ್ತದೆ. ಇದನ್ನು ಮೂಢನಂಬಿಕೆ ಎಂದು ನಗುವವರು ಒಂದು ಲೆಕ್ಕ ನೋಡಬೇಕು. 1971ರಲ್ಲಿ ಈ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಕೂಸುಗಳಲ್ಲಿ 129 ವರ್ಷ ತುಂಬುವ ಮೊದಲೇ ಹೋಗುತ್ತಿದ್ದವು. 2020ರಲ್ಲಿ ಕರ್ನಾಟಕದ ಲೆಕ್ಕ 19ಕ್ಕೆ ಇಳಿದಿತ್ತು. ನಮ್ಮ ಅಜ್ಜಿಯರು ಬಸಿರು ಬಾಣಂತನ ಮಾಡಿದ್ದು ಆ 129ರ ಕಾಲದಲ್ಲಿ, ಅದಕ್ಕೂ ಹಿಂದೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸಿಗೆ ತಿಪ್ಪ, ತಿರುಕ, ಹುಚ್ಚ ಎಂದು ಹೆಸರಿಟ್ಟು, ಬಾಳಿ ಬದುಕಿದ ಹಿರಿಯರ ಹಳೇ ಬಟ್ಟೆ ಬೇಡಿ ತಂದು ಸುತ್ತುತ್ತಿದ್ದರು. ಯಮನಿಗೂ ಬೇಡವೆನಿಸುವಷ್ಟು ಅಗ್ಗವಾಗಿ ಕಾಣಲಿ ಎಂಬ ಉಪಾಯ.

ಪಂಚೆ ಎಂದರೆ ಸಿಕ್ಕಿದ ಪಂಚೆಯಲ್ಲ. ಮೂರು ನಾಲ್ಕು ವರ್ಷ ಉಟ್ಟು ಒಗೆದು, ಬೆಳಕಿಗೆ ಹಿಡಿದರೆ ಆಚೆಯ ಗೋಡೆ ಕಾಣುವಷ್ಟು ನವೆದಿರಬೇಕು. ಮೊದಲು ಬಣ್ಣದ ಅಂಚನ್ನು ಕಿತ್ತೆಸೆಯುತ್ತಾರೆ. ಅದು ಒರಟು, ಕೂಸಿನ ತೊಡೆ ಸಂದಿಯಲ್ಲಿ ಕೊರೆಯುತ್ತದೆ. ಆಮೇಲೆ ಕತ್ತರಿ ಮುಟ್ಟಿಸದೆ, ಹಲ್ಲಲ್ಲಿ ಒಂದು ಚೂರು ಕಚ್ಚಿ, ಎರಡೂ ಕೈಯಲ್ಲಿ ಹಿಡಿದು ಪರ್ರನೆ ಸೀಳುವುದು. ದೊಡ್ಡ ಚೌಕ ಸುತ್ತುವುದಕ್ಕೆ, ಸಣ್ಣ ಚೌಕ ಲಂಗೋಟಿಗೆ. ಕುದಿಯುವ ನೀರಿಗೆ ಹಾಕಿ, ಗಂಜಿ ನೀಲಿ ಯಾವುದೂ ಸೋಕಿಸದೆ ಹಿಂಡಿ, ರಣಬಿಸಿಲಿನಲ್ಲಿ ಹರವಿ ಒಣಗಿಸಬೇಕು. ಒಂದೇ ಎಚ್ಚರ: ಮಡಿಸಿಟ್ಟ ಬಟ್ಟೆಯ ನಡುವೆ ನುಸಿಗುಳಿಗೆ ಹಾಕಬಾರದು. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಕೂಸುಗಳಿಗೆ ಆ ನ್ಯಾಫ್ತಲೀನ್ ತಾಗಿದರೆ ರಕ್ತಕಣಗಳು ಒಡೆದು ಕಾಮಾಲೆ ಏರುತ್ತದೆ. ಟ್ರಂಕಿನ ತಳದಿಂದ ತೆಗೆದ ‘ಜೋಪಾನವಾಗಿಟ್ಟ’ ಬಟ್ಟೆಗಿಂತ ಹಗ್ಗದ ಮೇಲೆ ಒಣಗಿದ ಬಟ್ಟೆ ವಾಸಿ.

ತಮಾಷೆಯೆಂದರೆ, ಏಷ್ಯಾದಲ್ಲೇ ದೊಡ್ಡದು ಎನ್ನಿಸಿಕೊಂಡ ರೇಷ್ಮೆಗೂಡಿನ ಮಾರುಕಟ್ಟೆ ಇರುವುದು ರಾಮನಗರದಲ್ಲಿ. ಸುತ್ತಣ ಹಳ್ಳಿಗಳಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ದು ಹುಳು ಸಾಕಿ ಮಕ್ಕಳ ಮದುವೆ ಮಾಡಿದವರು ಎಷ್ಟೋ ಜನ. ಆದರೂ ಇಲ್ಲಿ ಹುಟ್ಟಿದ ಕೂಸಿನ ಮೈಗೆ ರೇಷ್ಮೆಯ ಒಂದು ಎಳೆಯೂ ಸೋಕುವುದಿಲ್ಲ. ಕುದಿನೀರಿಗೆ ಹಾಕಲಾಗದ, ಜರಿ ಚುಚ್ಚುವ ಬಟ್ಟೆ ಗಳಿಗೆಗೊಂದು ಸಲ ಒದ್ದೆ ಮಾಡುವವರಿಗೆ ಎಲ್ಲಿ ಒಗ್ಗೀತು? ಅಜ್ಜಿಯ ಕಾರಣ ಇನ್ನೊಂದು: ರೇಷ್ಮೆ ಮಡಿ, ಹೆರಿಗೆ ಪುರುಡು. ಹನ್ನೊಂದು ದಿನ ಕಳೆಯುವ ತನಕ ಅವೆರಡಕ್ಕೂ ಮುಖಾಮುಖಿಯಿಲ್ಲ. ಚನ್ನಪಟ್ಟಣದ ಆಲೆಮರದ ಗಿಲಕಿಯೂ ಅಷ್ಟೇ, ಅರಗಿನ ಬಣ್ಣ ಮಿರಮಿರ ಮಿಂಚುತ್ತಾ ತೊಟ್ಟಿಲ ಶಾಸ್ತ್ರದವರೆಗೆ ಹೊರಗೇ ಕಾಯಬೇಕು.

ಆಸ್ಪತ್ರೆಯ ಕಾರಣಗಳು ಬೇರೆ, ಬಟ್ಟೆ ಮಾತ್ರ ಅದೇ. ಒಂಬತ್ತು ತಿಂಗಳು 37 ಡಿಗ್ರಿಯ ಬೆಚ್ಚನೆಯ ನೀರಿನಲ್ಲಿದ್ದ ಜೀವ ಒದ್ದೆ ಮೈಯಲ್ಲಿ ಹೊರಗೆ ಬೀಳುತ್ತದೆ. ಮೈಮೇಲಿನ ನೀರು ಆರುತ್ತಾ ಶಾಖವನ್ನೂ ಕೊಂಡೊಯ್ಯುತ್ತದೆ. ನಮ್ಮ ಹಾಗೆ ನಡುಗಿ ಮೈ ಬಿಸಿ ಮಾಡಿಕೊಳ್ಳುವುದು ಅದಕ್ಕೆ ಬಾರದು. ಕತ್ತಿನ ಬಳಿ, ಬೆನ್ನ ಮೇಲ್ಭಾಗದಲ್ಲಿ ಇರುವ ಕಂದು ಕೊಬ್ಬನ್ನು ಉರಿಸಿಕೊಂಡೇ ಬದುಕಬೇಕು. ಅದಕ್ಕೇ ಹೆರಿಗೆ ಕೋಣೆ 25 ಡಿಗ್ರಿಗಿಂತ ತಣ್ಣಗಿರಬಾರದು, ಮೊದಲ ಸ್ನಾನ ಒಂದು ದಿನವಾದರೂ ತಡೆಯಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು. ಮತ್ತೆ ಬಟ್ಟೆ ಎರಡು ಬೇಕು. ಒಂದರಲ್ಲಿ ಒರೆಸಿ, ಆ ಒದ್ದೆಯನ್ನು ಆಚೆಗೆಸೆದು, ಒಣಗಿದ ಇನ್ನೊಂದರಲ್ಲಿ ತಾಯಿಯ ಎದೆಯ ಮೇಲೆ ಮುಚ್ಚಬೇಕು. ತೂಕ ಕಡಿಮೆಯಿದ್ದರೆ ಬಟ್ಟೆಯ ಮಾತೇ ಬೇಡ. ಟೋಪಿ, ಲಂಗೋಟಿ, ಕಾಲುಚೀಲ ಬಿಟ್ಟು ಬರಿಮೈಯಲ್ಲಿ ಅಮ್ಮನ ಎದೆಗೆ ಕಟ್ಟುವ ‘ಕಾಂಗರೂ’ ಆರೈಕೆಯನ್ನು ಕೊಲಂಬಿಯಾದ ಬೊಗೊಟಾದ ವೈದ್ಯರು 1970ರ ದಶಕದ ಕೊನೆಯಲ್ಲಿ ಆರಂಭಿಸಿದ್ದು ಇನ್‌ಕ್ಯುಬೇಟರ್ ಸಾಲದ್ದಕ್ಕೆ.

ಜಗಳ ಹತ್ತುವುದು ಸ್ವೆಟರಿನ ವಿಷಯದಲ್ಲಿ. ಏಪ್ರಿಲ್ ತಿಂಗಳಿನಲ್ಲಿ ರಾಮದೇವರ ಬೆಟ್ಟದ ಬಂಡೆಗಳು ಕತ್ತಲಾದ ಮೇಲೂ ಬಿಸಿ ಉಗುಳುತ್ತಿರುತ್ತವೆ. ವಾರ್ಡಿನ ಫ್ಯಾನು ಬಿಸಿ ಗಾಳಿಯನ್ನೇ ತಿರುವಿ ಹಾಕುತ್ತಿರುತ್ತದೆ. ಅಂಥದರಲ್ಲೂ ಉಲ್ಲನ್ ಟೋಪಿ, ಸ್ವೆಟರು, ಅದರ ಮೇಲೊಂದು ದುಪ್ಪಟಿ ಹೊದಿಸಿ, “ಶೀತ ಆದ್ರೆ ನೀನು ನೋಡ್ಕೊತೀಯಾ?” ಎಂದು ಅಜ್ಜಿ ಕೇಳುತ್ತಾಳೆ. ನಾನು ಕಂಡ ಒಬ್ಬ ಸಿಸ್ಟರು ವಾದಕ್ಕೇ ಇಳಿಯಲಿಲ್ಲ. ಕೂಸಿನ ಹೊಟ್ಟೆಯ ಮೇಲೆ ಒಮ್ಮೆ, ಪಾದದ ಮೇಲೆ ಒಮ್ಮೆ ಹಿಂಗೈ ಇಟ್ಟು ನೋಡಿ, ಅಜ್ಜಿಯ ಕೈಯನ್ನೂ ಹಿಡಿದು ಅಲ್ಲೇ ಇಡಿಸಿದರು. “ಎರಡೂ ಬೆಚ್ಚಗಿದ್ರೆ ಸರಿಯಾಗಿದೆ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ರೆ ಇನ್ನೊಂದು ಬಟ್ಟೆ ಹೊದಿಸಿ. ಇದು ಬೆವರ್ತಾ ಇದೆ ಕಣಜ್ಜಿ, ಬಿಚ್ಚಿ.” ಅಜ್ಜಿ ಸ್ವೆಟರು ಬಿಚ್ಚಿದಳು. ಟೋಪಿಯನ್ನು ಮಾತ್ರ ಬಿಟ್ಟುಕೊಡಲಿಲ್ಲ.

ಸರ್ಕಾರವೂ ಈ ವ್ಯವಹಾರಕ್ಕೆ ಕೈ ಹಾಕಿತ್ತು. 2007ರಲ್ಲಿ ಶುರುವಾದ ‘ಮಡಿಲು’ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಂದಿರಿಗೆ 19 ಸಾಮಾನಿನ ಚೀಲ ಸಿಗುತ್ತಿತ್ತು. ಸೊಳ್ಳೆಪರದೆ, ಸೋಪು, ಎಣ್ಣೆಯ ಜೊತೆಗೆ ಮಗುವಿಗೆ ಅಂಗಿ, ಸ್ವೆಟರು, ಟೋಪಿ. (ರಾಮನಗರ ಜಿಲ್ಲೆ ಹುಟ್ಟಿದ್ದೂ ಅದೇ ವರ್ಷ. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಎರಡನೇ ನಾಮಕರಣವಾಯಿತು.) ಆ ಚೀಲ ಕೊಡುತ್ತಿದ್ದದ್ದು ಹೆರಿಗೆಯಾದ ಮೇಲೆ. ವಿಧಾನಸೌಧವೂ ಗಾದೆ ಮೀರಲಿಲ್ಲ ಎಂದು ನಾನು ಮೆಚ್ಚಿಕೊಂಡಿದ್ದೇನೆ. ಆದರೆ ಮೊದಲ ಗಳಿಗೆಗೆ ಬೇಕಾದ ಆ ಎರಡು ಬಟ್ಟೆ ಮನೆಯಿಂದಲೇ ಬರಬೇಕಿತ್ತು.

ಆ ಎರಡು ಯಾರ ಮನೆಯವು ಎಂಬುದು ಕೊನೆಯ ತಕರಾರು. ಚೊಚ್ಚಲ ಬಾಣಂತನ ತವರಿನದು, ಹಾಗಾಗಿ ಪಂಚೆಯೂ ತಾಯಿಯ ತಂದೆಯದು ಎಂಬುದು ರೂಢಿ. ನಮ್ಮ ಅಕ್ಕನ ಮಗಳ ಹೆರಿಗೆಗೆ ಅಕ್ಕ ಚೀಲ ಹಿಡಿದು ಲೇಬರ್ ರೂಮಿನ ಮುಂದೆ ಕೂತಿದ್ದಾಗ ಮಾಗಡಿಯಿಂದ ಬೀಗಿತ್ತಿ ಬಂದಿಳಿದರು. ಅವರ ಕಂಕುಳಲ್ಲೂ ಒಂದು ಚೀಲ, ಅದರಲ್ಲೂ ಒಂದು ಪಂಚೆ. “ನಮ್ಮೋರದ್ದು. ಅವರಪ್ಪನೂ ಇದೇ ಥರದ್ದನ್ನ ಉಡ್ತಿದ್ರು, ತೊಂಬತ್ತೆರಡು ವರ್ಸ ಬದುಕಿದ್ರು,” ಎಂದರು. ನಮ್ಮ ಭಾವನವರ ಆಯುಸ್ಸಿನ ಬಗ್ಗೆ ಇದೊಂದು ಟೀಕೆಯೇ ಎಂದು ಅಕ್ಕ ಮುಖ ಬಿಗಿದುಕೊಂಡಳು. ಅಳಿಯ ಬೆಂಗಳೂರಿನಿಂದ ತಂದಿದ್ದ, ಕರಡಿ ಚಿತ್ರದ, ಬೆಲೆ ಚೀಟಿ ಇನ್ನೂ ನೇತಾಡುತ್ತಿದ್ದ ಸೂಟನ್ನು ಇಬ್ಬರೂ ಒಂದೇ ದನಿಯಲ್ಲಿ ಬೇಡವೆಂದರು. ಅಷ್ಟು ಹೊತ್ತಿನಲ್ಲಿ ಅವರು ಒಪ್ಪಿದ್ದು ಅದೊಂದನ್ನೇ.

ಬಾಗಿಲು ಅರ್ಧ ತೆರೆಯಿತು. “ಬಟ್ಟೆ ಕೊಡ್ರೀ, ಬೇಗ!” ಎರಡು ಕೈ ಮುಂದೆ ಹೋದವು. ಸಿಸ್ಟರ್ ಮುಖ ನೋಡದೆ ಎರಡನ್ನೂ ಬಾಚಿಕೊಂಡು ಬಾಗಿಲು ಹಾಕಿಕೊಂಡರು. ಕೂಸು ಹೊರಗೆ ಬಂದಾಗ ನಮ್ಮ ಭಾವನವರ ಪಂಚೆಯಲ್ಲಿತ್ತು. ಅಂಚು ಕಿತ್ತ ಕಡೆ ಉಳಿದಿದ್ದ ಹಸಿರು ಎಳೆಯಿಂದ ಅಕ್ಕ ಗುರುತು ಹಿಡಿದಳು. ಬೀಗರದ್ದು ಒರೆಸುವುದಕ್ಕೆ ಹೋಗಿ ಬಕೆಟ್ಟು ಸೇರಿತ್ತು. ಅಕ್ಕನ ಮುಖದ ಕಳೆ ನೋಡಿ ಬೀಗಿತ್ತಿ ಕೂಸಿನ ಗಲ್ಲ ಮುಟ್ಟಿ ಹೇಳಿದರು: “ಆಗ್ಲಿ ಬಿಡಿ. ಮೊದ್ಲು ಮೈಗೆ ಸೋಕಿದ್ದು ನಮ್ದೇ ತಾನೆ?”